ನಲವತ್ತು ಕೇಸರಿ ಬನ್ನು

...ಹಾಕಬೇಡ, ಹಾಕಬೇಡ! ಕಿಟಕಿ ಹಾಗೇ ಇರಲಿ. ನಿನ್ನ ಇಬ್ಬರು ಪುಟಾಣಿಗಳು ಬೆಳಿಗ್ಗೆಯಿಂದ ಹಿಟ್ಟು ಹಾರಿಸಿ ಹಾರಿಸಿ ಅಡುಗೆಮನೇಲಿ ಮೋಡ ಕಟ್ಟಿಸಿದ್ದರು. ಸ್ವಲ್ಪ ಗಾಳಿ ಆಡಲಿ ಅಂತ ನಾನೇ ತೆರೆದಿಟ್ಟೆ. ಏನು, ಚಳೀನಾ? ಮೈನಸ್ ಹನ್ನೊಂದಕ್ಕೆಲ್ಲ ಚಳಿ ಅಂತೀಯಲ್ಲ ಹೆಡ್ವಿಗ್, ನೀನು ಸ್ವೀಡನ್ನಿನ ಈ ಹ್ಯಾರ್ನೋಸಾಂಡ್‌ನಲ್ಲಿ ಹುಟ್ಟಿದವಳಾ, ಇಲ್ಲ ನಿಮ್ಮಮ್ಮ ನಿನ್ನನ್ನ ಸ್ಪೇನಿನಿಂದ ಎತ್ಕೊಂಡು ಬಂದಳಾ? ಬಾ, ಕೂತ್ಕೋ. ಕೋಟು ತೆಗಿ. ತೆಗೆಯಲ್ವಾ? ಸರಿ, ಹಾಕ್ಕೊಂಡೇ ಕೂತ್ಕೋ. ಅಪ್ಪನ ಮನೆಗೆ ಬಂದರೂ ಬಸ್ಸಿಗೆ ಕಾಯೋಳ ಥರ...

ಮಕ್ಕಳನ್ನ ಹುಡುಕಬೇಡ, ಇಲ್ಲಿಲ್ಲ. ಗುನ್‌ಬ್ರಿಟ್ ಮನೇಲಿದ್ದಾರೆ. ನಾನೇ ಕಳಿಸಿದೆ. ಪಕ್ಕದ ಮನೆ, ಅಂಗಳ ದಾಟಿದರಾಯ್ತು. ಹೋಗಿ, ಆ ಅಜ್ಜಿಗೆ ನಾಲ್ಕು ಶುಂಠಿ ಬಿಸ್ಕತ್ತು ಕೊಟ್ಟು ಬನ್ನಿ ಅಂದೆ. ಪಾಪ, ಬಿಸ್ಕತ್ತು ಅಂದರೆ ಡಬ್ಬದಲ್ಲೇ ಹುಟ್ಟೋದು ಅಂದ್ಕೊಂಡಿರೋ ಹೆಂಗಸು! ನೀಲಿ ಡಬ್ಬ ನೋಡಿದೀಯಲ್ಲ? ಒಳಗೆ ಐದು ಥರ, ಐದಕ್ಕೂ ಒಂದೇ ರುಚಿ, ರಟ್ಟಿನ ರುಚಿ. ಅವಳ ಬೆಕ್ಕು ಆ ಡಬ್ಬದ ಮೇಲೇ ಮಲಗುತ್ತೆ. ಯಾರಾದರೂ ಮನೆಗೆ ಬಂದರೆ ಬೆಕ್ಕನ್ನ ಒಂದು ಕಡೆ ಸರಿಸ್ತಾಳೆ, ಮುಚ್ಚಳ ತೆಗೀತಾಳೆ, ‘ತಗೊಳ್ಳಿ, ತಗೊಳ್ಳಿ’ ಅಂತಾಳೆ. ಹಬ್ಬವಂತೆ!

ಅಲ್ಲೇನು ನೋಡ್ತಿದೀಯ? ...ಓ. ಬೂಟಾ? ಹೌದು, ಅವರ ಬೂಟೇ. ಇಬ್ಬರದೂ. ಹತ್ತು ಹೆಜ್ಜೆ ಹೋಗೋಕೆ ಬೂಟು ಯಾಕೆ? ಓಡಿ ಹೋದರು. ಮಕ್ಕಳು! ಕೋಟೂ ಹಾಕ್ಕೊಳ್ಳಲಿಲ್ಲ, ಹೌದು, ಅದೂ ಅಲ್ಲೇ ತೂಗ್ತಾ ಇದೆ, ಕಾಣಿಸ್ತಿದೆ ನನಗೆ. ನಾವು ಚಿಕ್ಕವರಿದ್ದಾಗ ಬರಿಗಾಲಲ್ಲಿ ಹಿಮದ ಮೇಲೆ ಓಡಿ ಸೌದೆ ತರ್ತಿದ್ದೆವು. ಯಾರೂ ಸಾಯಲಿಲ್ಲ. ಹಾಗೆ ನೋಡಬೇಡ ನನ್ನ. ಹಲ್ಲಿನ ಆಸ್ಪತ್ರೇಲಿ ಜನರ ಬಾಯಿ ತೆರೆಸಿ ನೋಡ್ತೀಯಲ್ಲ, ಆ ನೋಟ ಇದು. ನನ್ನ ಬಾಯಲ್ಲಿ ಏನೂ ಹುಳುಕಿಲ್ಲ.

ಬೆಳಿಗ್ಗೆ ನೀನು ಮಾಡಿದ ಅವಮಾನಾನ ನಾನಿನ್ನೂ ಮರೆತಿಲ್ಲ, ಗೊತ್ತಾಯ್ತಾ? ಇವತ್ತು ಟೀಚರುಗಳಿಗೆ ಮೀಟಿಂಗ್ ಅಂತೆ, ಲೂಸಿಯಾ ಹಬ್ಬದ ಹಿಂದಿನ ದಿನವೇ ಮೀಟಿಂಗ್! ಹಬ್ಬ ಹೇಗೆ ಮಾಡಬೇಕು ಅಂತ ಬೋರ್ಡಿನ ಮೇಲೆ ಬರ್ಕೊಂಡು ಕಲೀತಾರೋ ಏನೋ. ಇರಲಿ. ಎಂಟು ಗಂಟೆಗೆ ಬಂದೆ, ಮಕ್ಕಳನ್ನ ಬಿಟ್ಟೆ, ಬ್ಯಾಗಿನಿಂದ ಏನೋ ತೆಗೆದು ಮೇಜಿನ ಮೇಲಿಟ್ಟೆ. ಏನದು? ಕಲಸಿಟ್ಟ ಹಿಟ್ಟು! ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಂಗಡಿ ಹಿಟ್ಟು! ‘ಅಪ್ಪಾ, ಇದನ್ನೇ ಲಟ್ಟಿಸಿಬಿಡಿ, ಸುಲಭ ಆಗುತ್ತೆ.’ ಯಾರಿಗೆ ಹೇಳ್ತಿದೀಯ? ಮೂವತ್ತೆಂಟು ವರ್ಷ ಬಂದರು ಬೀದೀಲಿ ಬೇಕರಿ ನಡೆಸಿದವನಿಗೆ! ಈ ಊರಿನ ಅರ್ಧ ಜನ ಮೊದಲ ಬನ್ನು ಕಚ್ಚಿದ್ದು ಈ ಸಿಕ್ಸ್ಟೆನ್ ಅಂಗಡೀಲಿ, ನನ್ನ ಅಂಗಡೀಲಿ! ಆ ಹಿಟ್ಟನ್ನ ಏನು ಮಾಡಿದೆ ಅಂತ ಕೇಳು. ಕಿಟಕಿ ಆಚೆ ಹಕ್ಕಿಗಳಿಗೆ ಇಟ್ಟೆ. ಅವೂ ಮುಟ್ಟಲಿಲ್ಲ.

ನಿನ್ನ ಮಗಳು ಟೂವಾಗೆ ಹೇಳಿದೆ, ನೋಡು ಮರಿ, ನಿನ್ನ ಕ್ಲಾಸಿಗೆ ನಲವತ್ತು ಕೇಸರಿ ಬನ್ನು ಅಂತ ನಿಮ್ಮಜ್ಜ ಮಾತು ಕೊಟ್ಟಿದ್ದಾನೆ. ನಾಳೆ ಬೆಳಿಗ್ಗೆ ಲೂಸಿಯಾ ದೀಪದ ಮೆರವಣಿಗೇಲಿ ನೀನು ಬಿಳಿ ಅಂಗಿ ಹಾಕ್ಕೊಂಡು, ತಲೆ ಮೇಲೆ ಬ್ಯಾಟರಿ ಮೇಣದಬತ್ತಿ ಇಟ್ಕೊಂಡು... ಹೌದು, ಬ್ಯಾಟರಿ! ಲೂಸಿಯಾ ಕಿರೀಟಕ್ಕೂ ಬ್ಯಾಟರಿ! ನಾವು ನಿಜವಾದ ಬೆಂಕಿ ಇಟ್ಕೊಂಡು ನಡೀತಿದ್ದೆವು. ಏನು? ...ಏನಿಲ್ಲ, ನಾನು ಬೆಂಕಿ ಅಂದ ತಕ್ಷಣ ನೀನು ತಲೆ ಎತ್ತಿದೆ, ಅದಕ್ಕೆ ಕೇಳಿದೆ.

ಎಲ್ಲಿದ್ದೆ? ಹಾಂ, ಕೇಸರಿ. ನೀವೆಲ್ಲ ದುಡ್ಡು ಕೊಟ್ಟು ತರೋ ಈಗಿನ ಕೇಸರಿ ಇದೆಯಲ್ಲ, ಅದು ಕೇಸರಿ ಅಲ್ಲ ಕಣೇ, ಇಟ್ಟಿಗೆ ಪುಡಿ. ಹಾಲು ಬಿಸಿ ಮಾಡಿದೆ, ಎರಡು ಪೊಟ್ಟಣ ಹಾಕಿದೆ. ಬಣ್ಣ ಬಂತು. ಮೂಸಿದೆ. ಏನೂ ಇಲ್ಲ! ಇನ್ನೆರಡು ಹಾಕಿದೆ. ಏನೂ ಇಲ್ಲ! ನಿನ್ನ ಮಗಳು ಪಕ್ಕದಲ್ಲಿ ಸ್ಟೂಲ್ ಹತ್ತಿ ನಿಂತ್ಕೊಂಡು, ‘ಅಜ್ಜಾ, ಚೀಟೀಲಿ ಎರಡು ಅಂತ ಬರೆದಿದೆ’ ಅಂತಾಳೆ. ಈ ವರ್ಷ ಓದೋಕೆ ಕಲಿತಿದ್ದಾಳಲ್ಲ, ಇನ್ನು ಯಾರ ಮಾತೂ ಬೇಡ, ಚೀಟಿ ಸಾಕು. ಚೀಟಿ ಬರೆದವನಿಗೇನು ಗೊತ್ತು ಅಂದೆ. ಆರು ಹಾಕಿದೆ. ಆರು! ಆದರೂ ಆ ಹಳೇ ಘಮ... ಬರಲಿಲ್ಲ. ಕಳ್ಳರು. ಜಗತ್ತಿನ ತುಂಬ ಕಳ್ಳರು.

ಆಮೇಲೆ ಆ ನಿನ್ನ ಮಗ! ನಾಲ್ಕು ವರ್ಷದ ಮೆಲ್ಕರ್ ಮಹಾರಾಜರು! ಬನ್ನಿಗೆ ಕಣ್ಣು ಇಡಪ್ಪಾ ಅಂತ ಒಣದ್ರಾಕ್ಷಿ ಕೊಟ್ಟರೆ, ಒಂದು ಬನ್ನಿಗೆ, ಎರಡು ಬಾಯಿಗೆ. ಅರ್ಧ ಬನ್ನುಗಳು ಒಕ್ಕಣ್ಣು. ಇರಲಿ ಅಂದೆ. ಮೊದಲ ಟ್ರೇ ಬಂತು, ಬಿಸಿ ಬಿಸಿ, ಒಂದನ್ನ ಮುರಿದು ಕೊಟ್ಟೆ. ಬಾಯಲ್ಲಿಟ್ಟ. ಹೀಗೆ ಮುಖ ಮಾಡಿದ. ನನ್ನ ಅಂಗೈಗೇ ಉಗಿದ! ‘ಔಷಧಿ’ ಅಂದ. ಔಷಧಿಯಂತೆ! ಸಾಸೇಜಿಗೆ ಕೆಚಪ್ ಸುರ್ಕೊಂಡು ತಿನ್ನೋ ನಾಲಿಗೆಗೆ ಕೇಸರಿ ಔಷಧಿಯಾಗೇ ಕಾಣುತ್ತೆ. ತಪ್ಪು ಅವನದಲ್ಲ, ಸಾಕಿದೋರದು.

ನಗ್ತಿದೀಯಾ? ಇಲ್ಲ? ಮತ್ತೆ ತುಟಿ ಯಾಕೆ ಹಾಗೆ ಕಚ್ಕೊಂಡಿದೀಯ? ತಗೋ, ನೀನೇ ತಿಂದು ನೋಡು. ತಗೋ ಅಂದೆ! ...ಹಾಂ. ...ಹೇಗಿದೆ? ...ಅಗಿದೆ, ನುಂಗಿದೆ. ಉಳಿದದ್ದನ್ನ ಯಾಕೆ ತಟ್ಟೇಲಿ ಇಟ್ಟೆ? ಹಸಿವಿಲ್ವಾ? ಸರಿ ಸರಿ. ನಿನಗೂ ಡಬ್ಬದ್ದೇ ಆಗಬೇಕು.

ಶುಂಠಿ ಬಿಸ್ಕತ್ತಿಗೂ ಹಾಗೇ ಅಂದರು. ಲವಂಗ ಜಾಸ್ತಿ ಆಯ್ತಂತೆ. ಟೂವಾ ಬಿಸ್ಕತ್ತಿನ ಹಿಟ್ಟಲ್ಲಿ ಒಂದು ಹಂದಿ ಆಕಾರ, ಒಂದು ಹೃದಯದ ಆಕಾರ ಕತ್ತರಿಸಿ ಟ್ರೇ ಮೇಲಿಟ್ಟು ಮೂಗು ಮುಚ್ಕೊಂಡಳು. ‘ಅಜ್ಜಾ, ಇದು ಅಮ್ಮನ ಆಫೀಸಿನ ವಾಸನೆ!’ ಕೇಳು, ಕೇಳು! ಹಬ್ಬದ ಬಿಸ್ಕತ್ತಿಗೆ ಹಲ್ಲಿನ ಡಾಕ್ಟರ ವಾಸನೆ! ನಾನು ಹೇಳಿದೆ, ನಿಮ್ಮಮ್ಮ ನನ್ನ ಸಕ್ಕರೆ ತಿಂದು ಬೆಳೆದಳು, ಈಗ ಸಕ್ಕರೆ ತಿಂದ ಹಲ್ಲು ತಿಕ್ಕಿ ಸಂಬಳ ತಗೊಳ್ತಾಳೆ, ಎರಡಕ್ಕೂ ನಾನೇ ಕಾರಣ ಅಂತ. ಅವಳು ನಗಲಿಲ್ಲ. ನೀನೂ ನಗಲ್ಲ. ವಂಶವೇ ಹೀಗೆ.

ಕಾಫಿ ಕುಡಿ, ಆರಿಹೋಗುತ್ತೆ. ಕುಡಿಯಲ್ವಾ? ನಾನೂ ಹೊಗಳಲ್ಲ ಬಿಡು, ಈ ವರ್ಷ ಮೂರು ಕಂಪನಿ ಬದಲಾಯಿಸಿದೆ. ಮೂರೂ ಒಂದೇ, ಬಿಸಿನೀರು. ಕೆನೆ ಹಾಕಿದೀನಿ. ಏನಾಯ್ತು ಕೆನೆಗೆ? ಮೊನ್ನೆ ತಂದಿದ್ದು. ...ಮೊನ್ನೆ ಅಂದರೆ, ಹೋದ ತಿಂಗಳ ಕೊನೆಗೆ. ಅದಕ್ಕೇನೀಗ? ಕಪ್ಪನ್ನ ಅಷ್ಟು ದೂರ ತಳ್ಳೋ ಅಗತ್ಯ ಇರಲಿಲ್ಲ.

ಎಲ್ಲಾ ಹಾಳಾಗಿದೆ ಹೆಡ್ವಿಗ್, ನಿಮಗೆ ತಿಳಿಯಲ್ಲ. ಕ್ರಿಸ್ಮಸ್ ಮರ ನೋಡು ಅಲ್ಲಿ, ಮೂಲೇಲಿ. ಕಾಡಿಂದ ಕಡಿದು ತಂದ ಮರ ಅಂತ ಮಾರಿದ. ಮನೆಗೆ ತಂದು ನಿಲ್ಲಿಸಿದರೆ ಕಾಡಿನ ವಾಸನೆಯೇ ಇಲ್ಲ! ವಾಪಸ್ ಹೋಗಿ ಜಗಳ ಆಡಿದೆ. ಕೊಂಬೆ ಮುರಿದು ನನ್ನ ಮುಖಕ್ಕೆ ಹಿಡೀತಾನೆ, ‘ಇನ್ನೇನು ಬೇಕು ನಿಮಗೆ?’ ಅಂತಾನೆ. ನಾಲ್ಕು ಜನ ನಿಂತು ನೋಡ್ತಿದ್ದರು. ನಕ್ಕರು. ಕಿಟಕೀಲಿರೋ ಹಯಸಿಂತ್ ಹೂವು, ಗುನ್‌ಬ್ರಿಟ್ ತಂದು ಕೊಟ್ಟಿದ್ದು. ಮುಂಚೆ ಒಂದು ಕುಂಡ ಇಟ್ಟರೆ ರಾತ್ರಿ ತಲೆನೋವು ಬರ್ತಿತ್ತು, ಅಷ್ಟು ಘಾಟು. ಈಗ? ಕಾಗದದ ಹೂವು. ಕೊಡೋವಾಗಲೂ ಜಿಪುಣತನ ನೋಡು ಆಯಮ್ಮಂದು.

ಏನು ಮೇಲೆ ನೋಡ್ತೀಯ? ಛಾವಣೀಲೇನಿದೆ? ...ಹೂಂ, ತೆಗೆದೆ. ಆ ಹೊಗೆ ಗಂಟೆ ತೆಗೆದೆ. ಒಂದು ಬ್ರೆಡ್ಡು ಸುಟ್ಟರೆ ಕೊಲೆಯಾದ ಹಾಗೆ ಕಿರುಚಿಕೊಳ್ಳುತ್ತೆ. ಬ್ಯಾಟರಿ ಕಿತ್ತು ಡ್ರಾಯರಿನಲ್ಲಿ ಹಾಕಿದೆ. ನನ್ನ ಬೇಕರೀಲಿ ಅದೆಲ್ಲ ಇತ್ತಾ? ನಾಲ್ಕು ಓವನ್, ಒಂದು ಮೂಗು. ನಾನು ಮಹಡೀಲಿ ಶೂ ಲೇಸ್ ಕಟ್ತಾ ಇದ್ದರೆ ಕೆಳಗೆ ಯಾವ ಓವನ್ನಿನಲ್ಲಿ ಯಾವ ಟ್ರೇ ಇನ್ನೊಂದು ನಿಮಿಷ ಬೇಡುತ್ತೆ ಅಂತ ಹೇಳ್ತಿದ್ದೆ. ಕೆಲಸದ ಹುಡುಗಿಯರು ನನ್ನನ್ನ ಸಿಕ್ಸ್ಟೆನ್ ಅಂತ ಕರೀತಾನೇ ಇರಲಿಲ್ಲ, ‘ಮೂಗು ಬಂತು, ಮೂಗು ಬಂತು’ ಅಂತಿದ್ದರು, ನನಗೆ ಕೇಳಿಸಲ್ಲ ಅಂದ್ಕೊಂಡು. ಅಂಥವನ ತಲೆ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಕೂತ್ಕೊಂಡು ಕಾವಲು ಕಾಯಬೇಕಾ?

ಫೋನನ್ನ ಯಾಕೆ ಮುಖಕ್ಕೆ ಹಿಡೀತೀಯ? ಇರು, ಕನ್ನಡಕದ ತುಂಬ ಹಿಟ್ಟು... ಹಾಂ. ‘ಮಕ್ಕಳು ನನ್ನ ಹತ್ತಿರ ಇದ್ದಾರೆ. ಕಣ್ಣು ಕೆಂಪಗಾಗಿದೆ. ಬೇಗ ಬಾ. ಗುನ್‌ಬ್ರಿಟ್.’ ನೋಡಿದೆಯಾ, ಈ ಹೆಂಗಸಿನ ಚಾಡಿ! ಕಣ್ಣು ಕೆಂಪಗಾಗಿದೆಯಂತೆ. ಆಗುತ್ತೆ! ಅತ್ತರೆ ಆಗುತ್ತೆ! ನಾನು ಗದರಿಸಿದೆ, ಇಲ್ಲ ಅನ್ನಲ್ಲ. ತಟ್ಟೇಲಿರೋದನ್ನ ಮುಗಿಸೋವರೆಗೆ ಮೇಜು ಬಿಟ್ಟು ಯಾರೂ ಏಳಕೂಡದು ಅಂದೆ. ತಪ್ಪಾ? ನಾನು ಮೂರು ಗಂಟೆ ಹೊತ್ತು ನಾದಿದ್ದೀನಿ, ಸೊಂಟ ಬಿದ್ದುಹೋಗಿದೆ, ಇವರು ಮುರೀತಾರೆ, ಮೂಸ್ತಾರೆ, ಪಕ್ಕಕ್ಕಿಡ್ತಾರೆ. ಟೂವಾ ಒಂದೊಂದೇ ಹನಿ ಕಣ್ಣೀರು, ಮೆಲ್ಕರ್ ಎರಡೂ ಮುಷ್ಟೀಲಿ ಕಣ್ಣುಜ್ಜಿಕೊಂಡು... ನಿಮ್ಮ ಕಾಲದ ಮಕ್ಕಳಿಗೆ ಒಂದು ಗಟ್ಟಿ ಮಾತು ತಡೆಯೋ ಶಕ್ತಿ ಇಲ್ಲ. ನೀವು ಬರೀ ‘ನಿನಗೆ ಹೇಗನ್ನಿಸ್ತಿದೆ ಪುಟ್ಟಾ’ ಅಂತ ಕೇಳಿ ಕೇಳಿ ಬೆಳೆಸಿದ್ದೀರಿ. ನನ್ನ ನೋಡಿ ಹೆದರಬೇಕಾದ್ದಿಲ್ಲ, ಆದರೆ ಮಾತು ಕೇಳಬೇಕು ತಾನೇ? ಅವಳು ಕೇಳಲಿಲ್ಲ. ಎದ್ದಳು. ತಮ್ಮನ ಕೈ ಹಿಡಿದಳು, ಹೊರಟೇಬಿಟ್ಟಳು!

...ಹೌದು, ನಾನು ಕಳಿಸಿದೆ ಅಂದೆ. ಕಳಿಸಿದ್ದೂ ಅಷ್ಟೇ, ಹೋಗಿದ್ದೂ ಅಷ್ಟೇ. ಮಾತಿಗೆ ಮಾತು ಹಿಡೀಬೇಡ.

ಎಲ್ಲಿಗೆ? ಹೆಡ್ವಿಗ್, ಆ ಕಡೆ ಏನಿಲ್ಲ. ಹಿಂದಿನ ಬಾಗಿಲು ಅದು. ಮೆಟ್ಟಿಲ ಮೇಲೆ ಕಸದ ಚೀಲ ಇದೆ ಅಷ್ಟೇ, ಮೊಟ್ಟೆ ಚಿಪ್ಪು, ಕಾಗದ... ಅದನ್ನ ನಾನು ಆಮೇಲೆ ಎಸೀತೀನಿ. ಏ, ಬಿಡು ಅಂದೆ! ಕಸ ಕೆದಕೋಕೆ ಬಂದೆಯಾ ಅಪ್ಪನ ಮನೆಗೆ? ಹೆಡ್ವಿಗ್! ...ಜಾರುತ್ತೆ ಅಲ್ಲಿ, ನೋಡ್ಕೊಂಡು...

...ಬಂದೆಯಾ. ಇಷ್ಟು ಬೇಗ? ಸಾಕಾಯ್ತಾ ಚಳಿ?

ಬೆನ್ನ ಹಿಂದೆ ಏನದು? ...ಕೈ ಮುಂದೆ ತಾ. ...ಏನು? ಕಣ್ಣು ಮುಚ್ಚಬೇಕಾ? ಹಹ್ಹ! ಆ ಆಟವಾ? ಎಂಥ ಹುಚ್ಚು ಹುಡುಗಿ ನೀನು, ಮೂವತ್ತೊಂಬತ್ತು ವರ್ಷ ಆಯ್ತು ನಿನಗೆ! ನೀನು ಆರು ವರ್ಷದವಳಿದ್ದಾಗ ಬಟ್ಟಲು ಹಿಡ್ಕೊಂಡು ಬರ್ತಿದ್ದೆ, ‘ಅಪ್ಪಾ ಇದೇನು, ಇದೇನು’ ಅಂತ. ಒಂದು ಸಲವೂ ಗೆಲ್ಲಲಿಲ್ಲ ನೀನು. ಸರಿ, ಮುಚ್ಚಿದೆ. ಮೋಸ ಇಲ್ಲ, ನೋಡು, ಕೈಯನ್ನೂ ಅಡ್ಡ ಇಟ್ಕೊಂಡಿದ್ದೀನಿ. ತಾ ಇಲ್ಲಿ. ಹತ್ತಿರ. ಇನ್ನೂ ಹತ್ತಿರ... ಹೂಂ.

ಏಲಕ್ಕಿ.

...ಏನು ಕಷ್ಟ ಅದರಲ್ಲಿ? ಏಲಕ್ಕಿ. ಸಿಪ್ಪೆ ಸಮೇತ ಕುಟ್ಟಿದ್ದು. ಬೆಳಿಗ್ಗೆ ಕುಟ್ಟಿದ್ದಲ್ಲ, ನಿನ್ನೇದು. ಸರಿ ತಾನೇ?

...ಸರಿ ತಾನೇ? ಹೇಳು.

...ಆಯ್ತು, ಇರು. ದಾಲ್ಚಿನ್ನಿ. ದಾಲ್ಚಿನ್ನೀನೂ ಏಲಕ್ಕೀನೂ ಒಂದೇ ಕಪಾಟಿನಲ್ಲಿ ಇಟ್ಟರೆ ಒಂದರದ್ದು ಇನ್ನೊಂದಕ್ಕೆ ಬರುತ್ತೆ, ಅದಕ್ಕೆ... ಲವಂಗವಾ? ವೆನಿಲಾ? ...ಏನಾದರೂ ಅನ್ನು ಹೆಡ್ವಿಗ್. ಹೌದು ಅನ್ನು, ಅಲ್ಲ ಅನ್ನು. ಆಗ ‘ತಪ್ಪು, ತಪ್ಪು’ ಅಂತ ಕುಣೀತಿದ್ದೆ ಸುಳ್ಳು ಸುಳ್ಳೇ... ನಿನ್ನ ಉಸಿರು ಕೇಳಿಸ್ತಿದೆ. ...ಅಳ್ತಿದೀಯಾ?

ಕಣ್ಣು ತೆರೀತೀನಿ.

...

ಎಸೆದುಬಿಡು ಅದನ್ನ. ಕೈ ಕಪ್ಪಾಗುತ್ತೆ. ಕೋಟಿಗೆಲ್ಲ ಮಸಿ.

...ಒಂದು ಸುಟ್ಟ ಟವೆಲ್ ಅಷ್ಟೇ ಅದು. ಹಿಟ್ಟಿನ ಮೇಲೆ ಮುಚ್ಚಿದ್ದೆ. ಎರಡನೇ ಬಟ್ಟಲಿನ ಹಿಟ್ಟು, ಬೆಚ್ಚಗಿರಲಿ ಅಂತ ಒಲೆ ಪಕ್ಕ ಇಟ್ಟಿದ್ದೆ. ಹಾಲು ಬಿಸಿ ಮಾಡಿದ ಒಲೆ. ಆರಿಸಿದ್ದೆ ಅಂದ್ಕೊಂಡೆ. ಆರಿಸಿರಲಿಲ್ಲ. ಟವೆಲಿನ ತುದಿ ಜಾರಿ ಅದರ ಮೇಲೆ ಬಿದ್ದಿದೆ. ನಾನು ಬೆನ್ನು ಹಾಕಿ ನಿಂತಿದ್ದೆ, ಮಕ್ಕಳ ಕಡೆ ಮುಖ ಮಾಡಿ... ಭಾಷಣ ಬಿಗೀತಿದ್ದೆ. ನಿಮ್ಮ ನಾಲಿಗೆ ಕೆಟ್ಟಿದೆ, ನಿಮ್ಮ ಮೂಗು ಕೆಟ್ಟಿದೆ ಅಂತ.

ಮೂರು ಸಲ ಹೇಳಿದಳು ಕಣೇ. ‘ಅಜ್ಜಾ, ವಾಸನೆ ಬರ್ತಿದೆ.’ ಬರುತ್ತೆ, ಹಬ್ಬದ ಅಡುಗೆ ಅಂದರೆ ವಾಸನೆ ಬರುತ್ತೆ ಅಂದೆ. ‘ಅಜ್ಜಾ, ಅದಲ್ಲ, ಬೇರೆ ವಾಸನೆ.’ ಬಾಯಿ ಮುಚ್ಚಿ ತಿನ್ನು ಅಂದೆ. ಮೂರನೇ ಸಲ ಹೇಳಿದಾಗ ಮೇಜು ಗುದ್ದಿದೆ. ತಟ್ಟೆಗಳೆಲ್ಲ ಹಾರಿದವು. ಇಬ್ಬರ ಕಣ್ಣಲ್ಲೂ ನೀರು. ಗದರಿಸಿದ್ದಕ್ಕೆ ಅಳ್ತಿದ್ದಾರೆ ಅಂದ್ಕೊಂಡೆ, ಹೆಡ್ವಿಗ್. ದೇವರಾಣೆಗೂ ಹಾಗೇ ಅಂದ್ಕೊಂಡೆ. ಹೊಗೆ ಅದು. ಹೊಗೆಗೆ ಬರ್ತಿದ್ದ ನೀರು. ನನ್ನ ಕಣ್ಣೂ ಉರೀತಿತ್ತು, ವಯಸ್ಸು ಅಂದ್ಕೊಂಡೆ.

ಅವಳು ಎದ್ದು ತಮ್ಮನನ್ನ ಎಳ್ಕೊಂಡು ಹೋದಳಲ್ಲ, ನಾನೇನು ಮಾಡಿದೆ ಗೊತ್ತಾ? ಬಾಗಿಲಿಗೆ ಹೋಗಿ ನಿಂತು ಬೈದೆ. ಮೊಂಡು ಹುಡುಗಿ, ನಿನಗೆ ಲೂಸಿಯಾ ಕಿರೀಟ ಬೇರೆ ಕೇಡು ಅಂತ ಅಂಗಳದ ತುಂಬ ಕೇಳೋ ಹಾಗೆ. ಆರು ವರ್ಷದ ಕೂಸು ಬರೀ ಸಾಕ್ಸಿನಲ್ಲಿ ಹಿಮ ತುಳ್ಕೊಂಡು ಹೋಗ್ತಿದೆ, ತಿರುಗಿ ಕೂಡ ನೋಡಲಿಲ್ಲ, ತಮ್ಮ ಬೀಳದ ಹಾಗೆ ಹಿಡ್ಕೊಂಡು... ಬೈದು ಮುಗಿಸಿ ಒಳಗೆ ತಿರುಗಿದೆ. ಒಲೆ ಪಕ್ಕದ ಕಿಟಕಿ ಪರದೆ ಹತ್ಕೊಂಡಿತ್ತು. ಏನು ಮಾಡೋದು ತೋಚದೆ ಬಟ್ಟಲಲ್ಲಿದ್ದ ಹಿಟ್ಟನ್ನೇ ಎತ್ತಿ ಎಸೆದೆ. ಅದರ ಮೇಲೆ ನೀರು. ಅಷ್ಟೇ. ನಲವತ್ತಿಲ್ಲ, ಹದಿನೆಂಟು ಬನ್ನು ಇದೆ. ಅದೂ ತಿನ್ನೋ ಹಾಗಿಲ್ಲ, ನಿನ್ನ ಮುಖ ನೋಡಿದರೆ ಗೊತ್ತಾಗುತ್ತೆ. ನಾಳೆಗೆ ಅಂಗಡಿಯಿಂದಲೇ ತಗೊಂಡು ಹೋಗು. ನಾನೇ ಹೇಳ್ತಿದ್ದೀನಿ.

ಮಾರ್ಚಿನಿಂದ ಈ ಮೂಗಿಗೆ ಏನೂ ತಿಳೀತಿಲ್ಲ. ಆ ಜ್ವರ ಬಂತಲ್ಲ, ಒಂದು ವಾರ ಮಲಗಿದ್ದೆ. ಎದ್ದ ದಿನ ಕಾಫಿ ಬಿಸಿನೀರಾಗಿತ್ತು. ನೆಗಡಿ ಅಂದ್ಕೊಂಡೆ. ಡಾಕ್ಟರ ಹತ್ತಿರ ಹೋಗಿದ್ದೆ, ಹೌದು, ನಿನಗೆ ಹೇಳದೆ. ಮೀಸೆ ಮೂಡದ ಹುಡುಗ. ಬರಬಹುದು, ಬರದೇನೂ ಇರಬಹುದು ಅಂದ. ಅಷ್ಟು ಹೇಳೋಕೆ ಏಳು ವರ್ಷ ಓದಿದ್ದಾನೆ.

ಹೇಳಬೇಕಿತ್ತು ಅಂತೀಯ. ಹೇಗೆ ಹೇಳಲಿ? ನೀನು ಮಕ್ಕಳನ್ನ ಇಲ್ಲಿಗೆ ಕರ್ಕೊಂಡು ಬರೋದು ಯಾಕೆ, ನನ್ನ ಸಿಹಿ ಮಾತು ಕೇಳಿಸೋಕಾ? ಅಜ್ಜ ಬನ್ನು ಮಾಡ್ತಾನೆ, ಅದಕ್ಕೆ. ಬನ್ನು ಮಾಡೋಕೆ ಬರದ ಅಜ್ಜ ಯಾರಿಗೆ ಬೇಕು? ಬೈಯೋದೊಂದೇ ಉಳೀತು. ಅದನ್ನಂತೂ ಬಿಡದೆ ಮಾಡಿದೆ.

ಮೇ ತಿಂಗಳಲ್ಲಿ ಮೆಲ್ಕರ್ ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ದ. ನೆತ್ತಿ ಮೂಸಿ ನೋಡಿದೆ. ನೀನು ಮಗುವಾಗಿದ್ದಾಗ ಬೆಚ್ಚಗಿನ ಹಾಲಿನ ಥರ ಇರ್ತಿತ್ತು ನಿನ್ನ ನೆತ್ತಿ. ಅವನದು... ಏನೂ ಇಲ್ಲ. ಗಾಜು ಮೂಸಿದ ಹಾಗೆ. ಅವತ್ತು ಹೆದರಿದೆ. ಬ್ರೆಡ್ಡಿಗೆ, ಕಾಫಿಗೆ ಅಲ್ಲ.

ಹೆಡ್ವಿಗ್... ಕೋಟು ಯಾಕೆ ತೆಗೀಲಿಲ್ಲ ಅಂತ ಈಗ ಹೊಳೀತು. ನೀನು ಮೊದಲು ಗುನ್‌ಬ್ರಿಟ್ ಮನೆಗೇ ಹೋಗಿ ಬಂದಿದೀಯ, ಅಲ್ವಾ? ಎಲ್ಲಾ ಕೇಳ್ಕೊಂಡೇ ಬಂದು ಇಲ್ಲಿ ಕೂತಿದೀಯ. ನಾನು ಒದರ್ತಾ ಇದ್ದೆ, ನೀನು ಕೇಳ್ತಾ ಇದ್ದೆ.

ಅವರನ್ನ ಎತ್ಕೊಂಡಿರ್ತೀಯ. ಇಬ್ಬರನ್ನೂ. ತಲೆ ಮೂಸಿರ್ತೀಯ.

ಏನು ವಾಸನೆ ಇತ್ತು?

...ಕೇಸರೀದಾ?

...

ಹೇಳಬೇಡ ಬಿಡು, ಹೊಗೇದು. ಗೊತ್ತಾಯ್ತು.